ಎರಡು ಟ್ರೇ ಮಣ್ಣು

ವಿಜ್ಞಾನ ವಸ್ತುಪ್ರದರ್ಶನ ಅಂದರೆ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಅರ್ಧ ಗಂಟೆ ಕೆಲಸ. ಉದ್ಘಾಟನೆಯ ಫೋಟೊ, ಅತಿಥಿಗಳ ಹೆಸರು, ಒಂದು ಟೀ. ಥರ್ಮಾಕೋಲ್ ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಮನೆ ಪ್ರತಿ ವರ್ಷವೂ ಇರುತ್ತವೆ. ಹೋದ ವರ್ಷ ಚಾಮರಾಜನಗರದಲ್ಲಿ ಮೂಲೆ ಬೆಂಚಿನ ಮೇಲೆ ಬರೀ ಎರಡು ಟ್ರೇ ಮಣ್ಣು ಕಂಡು ನಿಂತೆ.

ಹಿಂದೆ ನಿಂತಿದ್ದವಳು ಬಿಳಿಗಿರಿರಂಗನ ಬೆಟ್ಟದ ಪೋಡೊಂದರ ಸೋಲಿಗರ ಹುಡುಗಿ. ಹಾಸ್ಟೆಲ್‌ನಲ್ಲಿದ್ದು ಒಂಬತ್ತನೇ ಕ್ಲಾಸ್ ಓದುತ್ತಿದ್ದಳು. ಮನೆ ಪಕ್ಕದ ಲಂಟಾನ ಪೊದೆ ಕೆಳಗಿನ ಮಣ್ಣನ್ನು ಎರಡೂ ಟ್ರೇಗೆ ತುಂಬಿ, ಒಂದರ ಮೇಲೆ ಒಣ ತರಗು ಹಾಕಿ ಸುಟ್ಟಿದ್ದಳು. ಇನ್ನೊಂದನ್ನು ಹಾಗೇ ಬಿಟ್ಟಿದ್ದಳು. ಐದು ವಾರ ನೀರು ಹಾಕಿ ಮೊಳಕೆ ಎಣಿಸಿದ್ದಳು. ಸುಡದ ಟ್ರೇಯಲ್ಲಿ 11, ಸುಟ್ಟದ್ದರಲ್ಲಿ 4.

"ಯಾರು ಹೇಳಿಕೊಟ್ರಮ್ಮ?"

"ನಮ್ಮ ತಾತ ತರಗು ಬೆಂಕಿ ಇಚಾರ ಹೇಳ್ತಿತ್ತು ಸರ್. ನಿಜವಾ ಅಂತ ನೋಡಣ ಅಂತ."

ಅಷ್ಟರಲ್ಲಿ ತೀರ್ಪುಗಾರರೊಬ್ಬರು ಬಂದು, ಕಾಡಿಗೆ ಬೆಂಕಿ ಹಾಕೋದು ಅಪರಾಧ, ಇದನ್ನೆಲ್ಲ ಇಡಬಾರದು ಎಂದು ಹೇಳಿ ಮುಂದೆ ಹೋದರು. ಬಹುಮಾನ ಜ್ವಾಲಾಮುಖಿಗೆ ಬಂತು. ಅದರಲ್ಲೂ ಬೆಂಕಿ ಇತ್ತು, ಇರಲಿ.

ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿಕೊಂಡು ಸಾವಿರಾರು ಎಕರೆ ಕಾಡು ಸುಟ್ಟಾಗ, ಗುಂಡ್ಲುಪೇಟೆಯಲ್ಲಿ ಕೂತು ಒಂದು ಫೋನ್ ಕರೆಯ ಮೇಲೆ 'ಹಾಡಿಯವರ ಕೈವಾಡ ಶಂಕೆ' ಅಂತ ಬರೆದವನು ನಾನು. ಒಂದು ಹಾಡಿಗೂ ಹೋಗಿರಲಿಲ್ಲ. ಆ ಸುದ್ದಿಗೆ ತಿದ್ದುಪಡಿಯನ್ನೂ ಹಾಕಿಸಲಿಲ್ಲ.

ಪ್ರದರ್ಶನ ಮುಗಿದ ವಾರ ಅವಳ ಪೋಡಿಗೆ ಹೋದೆ. ತಾತ ಜಗಲಿ ಮೇಲೆ ಕೂತು ಹೇಳಿದ್ದು ಇಷ್ಟು: ಮೊದಲೆಲ್ಲ ಬೇಸಿಗೆ ಏರುವ ಮುಂಚೆಯೇ ತರಗಿಗೆ ಬೆಂಕಿ ಕೊಡುತ್ತಿದ್ದರು. ಆಗ ನೆಲದಲ್ಲಿ ತೇವ ಇರುತ್ತದೆ, ಉರಿ ಮೊಣಕಾಲು ದಾಟುವುದಿಲ್ಲ. ಹೊಸ ಹುಲ್ಲು ಬರುತ್ತಿತ್ತು, ಉಣ್ಣೆ ಕಡಿಮೆಯಾಗುತ್ತಿತ್ತು, ಲಂಟಾನ ತಲೆ ಎತ್ತುತ್ತಿರಲಿಲ್ಲ. ನೆಲ್ಲಿ ಮರಕ್ಕೆ ಬಂದಳಿಕೆಯೂ ಇಷ್ಟು ಹತ್ತುತ್ತಿರಲಿಲ್ಲ. "ಈಗ ಹಾಕದು ಬ್ಯಾಡ ಬುದ್ದಿ. ಲಂಟಾನ ಆಳುದ್ದ ನಿಂತದೆ. ಅದು ಹತ್ಕಂಡ್ರೆ ಮರದ ತಲೆಗೇ ಹೋಯ್ತದೆ."

ಇದು ಒಬ್ಬ ತಾತನ ಮಾತಷ್ಟೇ ಅಲ್ಲ. ಸೋಲಿಗರು ಲಂಟಾನದ ಬಗ್ಗೆ ಹೇಳುವುದನ್ನು ಆಧರಿಸಿ 2012ರಲ್ಲೇ ವಿಜ್ಞಾನ ಪತ್ರಿಕೆಯಲ್ಲಿ ಸಂಶೋಧನಾ ಲೇಖನ ಬಂದಿದೆ. ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ಕ್ಷೇತ್ರ ಕೇಂದ್ರವಿದೆ. ಸೋಲಿಗರೇ ಆದ ಸಿ. ಮಾದೇಗೌಡರು ಡಾಕ್ಟರೇಟ್ ಮಾಡಿ ಆ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದವರು. ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಮೇಲೆ ಬೆಟ್ಟದ ಮಕ್ಕಳಿಗೆ ಅಲ್ಲೇ ಶಾಲೆಯೂ ಸಿಕ್ಕಿತು. 2022ರಲ್ಲಿ ಅದೇ ಕಾಡಿನಲ್ಲಿ ಸಿಕ್ಕ ಹೊಸ ಕಣಜಕ್ಕೆ ವಿಜ್ಞಾನಿಗಳು 'ಸೋಲಿಗ ಎಕ್ಯಾರಿನೇಟ' ಎಂದು ಹೆಸರಿಟ್ಟರು. ಇದನ್ನು ಆ ಹುಡುಗಿಗೆ ಹೇಳಿದಾಗ ನಂಬಲಿಲ್ಲ. ಮೊಬೈಲ್‌ನಲ್ಲಿ ಫೋಟೊ ತೋರಿಸಬೇಕಾಯಿತು.

ಹೊರಗಿನ ವಿಜ್ಞಾನಿಗೆ ಬೇಕಾದ ತಾತನ ಮಾತು ಮೊಮ್ಮಗಳ ಕ್ಲಾಸಿಗೆ ಯಾಕೆ ಬೇಡ? ಪರೀಕ್ಷೆಯಲ್ಲಿ 'ಬೆಂಕಿಯಿಂದ ಅರಣ್ಯ ನಾಶ' ಅಂತ ಬರೆದು ಅವಳು ಅಂಕ ತೆಗೆದುಕೊಳ್ಳುತ್ತಾಳೆ. ಅದು ತಪ್ಪು ಉತ್ತರವೂ ಅಲ್ಲ. ಯಾವ ತಿಂಗಳ ಬೆಂಕಿ, ಎಷ್ಟು ಎತ್ತರದ ಉರಿ ಅಂತ ಯಾರೂ ಕೇಳುವುದಿಲ್ಲ, ಅಷ್ಟೇ. ಗಿರಿಜನ ಮಕ್ಕಳಿಗೆ ಬ್ಯಾಗು, ಸೈಕಲ್ಲು ಹಂಚಿದ ಸುದ್ದಿ ನಾನೇ ಎಷ್ಟು ಸಲ ಕಳಿಸಿದ್ದೇನೋ. ಇವಳಿಗೆ ಬೇಕಿದ್ದುದು ಎಣಿಸುವುದನ್ನು ಸರಿಯಾಗಿ ಕಲಿಸುವ ಒಬ್ಬರು ಮೇಷ್ಟ್ರು.

ಪುಣ್ಯಕ್ಕೆ ಅವಳ ವಿಜ್ಞಾನದ ಮೇಡಂ ಟ್ರೇ ಎಸೆಯಲು ಬಿಡಲಿಲ್ಲ. ಎರಡು ಟ್ರೇ ನೋಡಿ ಏನೂ ಹೇಳುವ ಹಾಗಿಲ್ಲ, ಹತ್ತಾದರೂ ಬೇಕು, ಮೊಳೆತದ್ದೆಲ್ಲ ಲಂಟಾನವೇನಾ ಅಂತಲೂ ನೋಡಬೇಕು ಎಂದರಂತೆ. ಮೊನ್ನೆ ಗುಂಡ್ಲುಪೇಟೆ ಸಂತೆಯಲ್ಲಿ ಎಂಟು ಟ್ರೇ ಕೊಂಡು ಹಾಸ್ಟೆಲ್‌ಗೆ ಕೊಟ್ಟುಬಂದೆ. ಇಲ್ಲಿ ಬರೆಯಲಾ ಅಂತ ಕೇಳಿದೆ.

"ಬರೀರಿ ಸರ್, ಹೆಸರು ಬ್ಯಾಡ. ಪೇಪರ್‌ಗೆ ಮಾತ್ರ ಈಗಲೇ ಕಳಿಸ್ಬೇಡಿ. ಎಣಿಸಿ ಮುಗೀಲಿ."