ಓಲೆಯ ವ್ಯಾಪಾರ

ತಿಕೋಟಾ ಸೀಮೆಯ ಹೊನವಾಡದಂಥ ಊರಿನಲ್ಲಿ ಪತ್ರಿಕೆಗೆ ಚಂದಾದಾರನಾಗುವುದೆಂದರೆ, ಒಂದು ಕಾಲಕ್ಕೆ, ಅಂಚೆಯವನ ದಾರಿ ಕಾಯುವುದೆಂದೇ ಅರ್ಥ. ಇಂದು ದ್ರಾಕ್ಷಿತೋಟದಲ್ಲಿ ನಿಂತವನ ಜೇಬಿನಲ್ಲಿಯೇ ಅಂಚೆಪೆಟ್ಟಿಗೆಯಿದೆ. ಅಮೆರಿಕದಲ್ಲಿ ಬರೆದ ಓಲೆಯು ಅರೆಗಳಿಗೆಯಲ್ಲಿ ಅದರೊಳಗೆ ಬಂದು ಬೀಳುತ್ತದೆ.

ಈ ವೇಗವನ್ನೇ ಬಂಡವಾಳವಾಗಿಸಿಕೊಂಡ ವ್ಯಾಪಾರವೊಂದಿದೆ. ಅದರ ಹೆಸರು ಇ-ಮೇಲ್ ನ್ಯೂಸ್‌ಲೆಟರ್. ಅದಕ್ಕೆ ಕಾಗದ ಬೇಡ, ಮೊಳೆ ಜೋಡಿಸುವವನು ಬೇಡ, ಅಂಚೆಚೀಟಿಯೂ ಬೇಡ. ಬರೆಯುವವನೂ ಓದುವವನೂ ಇದ್ದರಾಯಿತು. ನಡುವಣ ಸಾಗಣೆಯನ್ನು ಕಂಪನಿಯು ನೋಡಿಕೊಳ್ಳುತ್ತದೆ. 2010ರಲ್ಲಿ ಟೈನಿಲೆಟರ್, 2015ರಲ್ಲಿ ರೆವ್ಯೂ, 2017ರಲ್ಲಿ ಸಬ್‌ಸ್ಟ್ಯಾಕ್ ಹೀಗೆ ಒಂದೊಂದಾಗಿ ಅಂಗಡಿಗಳು ತೆರೆದುವು. ಚಂದಾಹಣದಲ್ಲಿ ನೂರಕ್ಕೆ ಹತ್ತು ರೂಪಾಯಿಯಂತೆ ಸಬ್‌ಸ್ಟ್ಯಾಕಿನ ಪಾಲು. 2020ರ ಮಹಾಮಾರಿಯಲ್ಲಿ ಜನರು ಮನೆಯೊಳಗೆ ಕುಳಿತಾಗ ಈ ಓಲೆಗಳಿಗೆ ಸುಗ್ಗಿ ಬಂದಿತು. ಸುಗ್ಗಿಯಿರುವಲ್ಲಿಗೆ ಸಾಹುಕಾರರು ಬಾರದಿರುವರೆ? 2021ರ ಜನವರಿಯಲ್ಲಿ ಟ್ವಿಟರ್ ಸಂಸ್ಥೆಯು ರೆವ್ಯೂವನ್ನು ಕೊಂಡಿತು. ಜೂನ್ ತಿಂಗಳಲ್ಲಿ ಫೇಸ್‌ಬುಕ್ ‘ಬುಲೆಟಿನ್’ ಎಂಬ ತನ್ನದೇ ಮಳಿಗೆಯನ್ನು ತೆರೆಯಿತು.

ಏರಿದಷ್ಟೇ ಬೇಗ ಇಳಿತವೂ ಮೊದಲಾಯಿತು. ಕಳುಹಿಸುವುದು ಅಗ್ಗವಾದುದರಿಂದ ಎಲ್ಲರೂ ಕಳುಹಿಸಿದರು. ಆದರೆ ಓದುವವನ ಹೊತ್ತು ಅಗ್ಗವಾಗಲಿಲ್ಲ. 2022ರ ಅಕ್ಟೋಬರಿನಲ್ಲಿ ಬುಲೆಟಿನ್ ಮುಚ್ಚುವ ಸುದ್ದಿ ಹೊರಟಿತು. ಅದೇ ತಿಂಗಳು ಟ್ವಿಟರ್ ಒಡೆಯರು ಬದಲಾದರು. 2023ರ ಜನವರಿ 18ರಂದು ರೆವ್ಯೂ ಬಾಗಿಲಿಕ್ಕಿತು. ಬರೆದವರು ತಮ್ಮ ಬರೆಹವನ್ನೂ ಓದುಗರ ಪಟ್ಟಿಯನ್ನೂ ಅಷ್ಟರೊಳಗೆ ಎತ್ತಿಕೊಳ್ಳಬೇಕಾಗಿತ್ತು. ಉಳಿದುದನ್ನು ಅಳಿಸುವುದಾಗಿ ಸಂಸ್ಥೆಯು ಮೊದಲೇ ತಿಳಿಸಿತ್ತು. 2024ರ ಫೆಬ್ರವರಿ 29ರಂದು ಟೈನಿಲೆಟರಿನ ದೀಪವೂ ಆರಿತು. ಸಬ್‌ಸ್ಟ್ಯಾಕಿನಂಥವು ಉಳಿದುಕೊಂಡಿವೆ. ದೊಡ್ಡ ಸಂಸ್ಥೆಗಳಿಗಾದರೋ ಅದು ಪಡಸಾಲೆಯ ಮೂಲೆಯಲ್ಲಿಟ್ಟ ಸಣ್ಣ ಅಂಗಡಿ. ಲಾಭ ಕಾಣದಾಗ ಎತ್ತಿಬಿಡುವುದು ಅವುಗಳಿಗೆ ಕಷ್ಟವೆನಿಸಲಿಲ್ಲ.

ಚಂದಾ ಪತ್ರಿಕೆಯ ಕಷ್ಟವನ್ನು ಹೊನವಾಡದ ಜಿಲ್ಲಾ ಕೇಂದ್ರವಾದ ವಿಜಯಪುರವು ಬಹಳ ಹಿಂದೆಯೇ ಕಂಡಿದೆ. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಡವೋಲೆಗಳನ್ನು ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಮುಂದೆ ಮನೆಯನ್ನು ಮಾರಿದ ಹಣದಿಂದ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’, 1927ರಲ್ಲಿ ‘ನವಕರ್ನಾಟಕ’ ಹೊರಟುವು. ವಕೀಲಿಯಿಂದ ಬರಬಹುದಾಗಿದ್ದ ಸಂಪತ್ತು ಮನೆ ಸೇರಲಿಲ್ಲ. ಹಳೆಯ ಕೋಟು, ಹಳೆಯ ಸೈಕಲ್ಲು, ಇವೇ ಅವರ ವೈಭವ. ಲೆಕ್ಕದ ಪುಸ್ತಕ ಬಲ್ಲವನು ಇದನ್ನು ಸೋತ ವ್ಯಾಪಾರವೆಂದೇ ಬರೆದುಕೊಂಡಾನು.

ಹಾಗೆಂದು ಕಂಪನಿಗಳನ್ನು ದೂರಿ ಫಲವೇನು? ವ್ಯಾಪಾರಿಯು ನಷ್ಟದ ಅಂಗಡಿಯನ್ನು ಮುಚ್ಚಿದರೆ ಅದು ಅಪರಾಧವಲ್ಲ. ಆದರೆ ಚಂದಾದಾರನು ಕೊಡುವುದು ಹಣ ಮಾತ್ರವಲ್ಲ. ಮುಂದಿನ ಸಂಚಿಕೆಯು ಬಂದೀತೆಂಬ ನಂಬಿಕೆಯನ್ನೂ ಕೊಡುತ್ತಾನೆ. ಆ ನಂಬಿಕೆಯನ್ನು ಲಾಭದ ಕೈಗೆ ಒಪ್ಪಿಸಿದರೆ ಅದು ಲಾಭವಿರುವಷ್ಟು ದಿನ ಬಾಳುತ್ತದೆ. 1964ರಲ್ಲಿ ಹಳಕಟ್ಟಿಯವರು ತೀರಿಕೊಂಡರು. ಅವರು ಅಚ್ಚಿಗೆ ತಂದ ವಚನಗಳು ಇಂದು ಶಾಲೆಯ ಮಕ್ಕಳ ಬಾಯಲ್ಲಿವೆ.