ಒಂದು ಅಕ್ಷರದ ಬಡ್ಡಿ

ನಾಲ್ಕನೇ ತರಗತಿಯಲ್ಲಿರುವ ನನ್ನ ಮೊಮ್ಮಗಳು ಮೊನ್ನೆ ಶಾಲೆಯಿಂದ ಬಂದವಳೇ ಬ್ಯಾಗನ್ನು ಕಟ್ಟೆಯ ಮೇಲೆ ಇಟ್ಟು ಮುಖ ಊದಿಸಿಕೊಂಡು ಕುಳಿತಳು.

"ತಾತ, ಇಂಗ್ಲಿಷಿನ ಒಂದೊಂದು ಅಕ್ಷರಾನ ಒಬ್ಬೊಬ್ಬರಿಗೆ ಕೊಟ್ಟಿದ್ದಾರೆ. ಅದು ಎಲ್ಲೆಲ್ಲಿ ಬರುತ್ತೆ, ಏನೇನು ಅರ್ಥ ಅಂತ ಹತ್ತು ಬರ್ಕೊಂಡು ಹೋಗಬೇಕು. ಎಲ್ಲರಿಗೂ ಒಳ್ಳೊಳ್ಳೆ ಅಕ್ಷರ ಬಂದಿದೆ. ನನಗೆ ಎಚ್!"

ಹೆನ್, ಹ್ಯಾಟ್, ಹೌಸ್ ಎಂದು ಮೂರು ಬರೆದಳು. ಅಲ್ಲಿಗೆ ಬಂಡಿ ನಿಂತಿತು. ಪೆನ್ಸಿಲ್ ಕಚ್ಚತೊಡಗಿದಳು.

"ಬಾಯಲ್ಲಿರುವ ಪೆನ್ಸಿಲ್ ಮೇಲೆ ಏನಿದೆ ನೋಡು" ಎಂದೆ. ತೆಗೆದು ನೋಡಿದಳು. ಎಚ್‌ಬಿ ಎಂದಿತ್ತು. ಎಚ್ ಅಂದರೆ ಹಾರ್ಡ್, ಬಿ ಅಂದರೆ ಬ್ಲ್ಯಾಕ್. ಎಚ್ ಮುಂದಿನ ಅಂಕಿ ಹೆಚ್ಚಿದಷ್ಟೂ ಒಳಗಿನ ಕಡ್ಡಿ ಗಟ್ಟಿ, ಗೆರೆ ತೆಳು. ಬಿ ಮುಂದಿನ ಅಂಕಿ ಹೆಚ್ಚಿದಷ್ಟೂ ಕಡ್ಡಿ ಮೆತ್ತಗೆ, ಗೆರೆ ಕಪ್ಪು. ನಡುವಿನದು ಎಚ್‌ಬಿ. ನಾಲ್ಕನೆಯದು ಸಿಕ್ಕಿತು. ಮುಖ ಸ್ವಲ್ಪ ಇಳಿಯಿತು.

"ಅದನ್ನ ಕನ್ನಡದಲ್ಲಿ ಎಚ್ ಅಂತ ಬರೀಬೇಕಾ, ಹೆಚ್ ಅಂತ ಬರೀಬೇಕಾ?" ಎಂದು ಕೇಳಿದಳು. ನಮ್ಮಲ್ಲಿ ಎರಡೂ ಉಂಟು. ಇಂಗ್ಲಿಷ್ ಆಡುವವರಲ್ಲೂ ಹೀಗೆಯೇ. ಬಹಳ ಜನ 'ಏಚ್' ಎನ್ನುತ್ತಾರೆ, ಐರ್ಲೆಂಡಿನ ಕಡೆ 'ಹೇಚ್' ಎನ್ನುವವರು ಹೆಚ್ಚು. ತನ್ನ ಹೆಸರಲ್ಲೇ ಒಮ್ಮೆ ಇದ್ದು ಒಮ್ಮೆ ಇಲ್ಲದಂತಾಗುವ ಅಕ್ಷರ ಇದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಐದನೆಯದಕ್ಕೆ ನಮ್ಮ ಊರೇ ಇತ್ತು. ಹೊಸಪೇಟೆ ರೈಲು ನಿಲ್ದಾಣದ ಸಂಕೇತ ಎಚ್‌ಪಿಟಿ. ಬ್ರಿಟಿಷರ ಕಾಲದಿಂದ ಇಂಗ್ಲಿಷಿನಲ್ಲಿ 'ಹಾಸ್ಪೆಟ್' ಎಂದಿದ್ದದ್ದು 2014ರ ನವೆಂಬರ್ 1ರಂದು 'ಹೊಸಪೇಟೆ' ಆಯಿತು. ಆ ದಿನ ಬೆಂಗಳೂರು, ಮೈಸೂರು, ಬಳ್ಳಾರಿ ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಸರಿಹೋಯಿತು. ಊರಿನ ಹೆಸರಿಗೆ ಅಕ್ಷರ ಸೇರಿದವು, ಆದರೆ ನಿಲ್ದಾಣದ ಆ ಮೂರಕ್ಷರ ಹಾಗೇ ಉಳಿದವು.

ಭಾನುವಾರ ಅವಳನ್ನು ಹಂಪಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಹೇಳಿದೆ: "ಹಂಪಿಯ ಈ ಎಚ್ ಮೊದಲು ಎಚ್ ಆಗಿರಲಿಲ್ಲ, ಪಿ ಆಗಿತ್ತು." ನಂಬಲಿಲ್ಲ. ತುಂಗಭದ್ರೆಯ ಹಳೆಯ ಹೆಸರು ಪಂಪಾ. ಅವಳ ದಂಡೆಯ ಊರೂ ಪಂಪಾ. ಸುಮಾರು ಸಾವಿರ ವರ್ಷದ ಹಿಂದಿನಿಂದ ಕನ್ನಡಿಗರ ನಾಲಿಗೆಯಲ್ಲಿ ಪದದ ಮೊದಲಿನ 'ಪ' ಸವೆದು 'ಹ' ಆಗುತ್ತ ಬಂತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು, ಪೊಸತು ಹೊಸತಾಯಿತು. ಪಂಪೆ ಹಂಪೆಯಾದಳು. ಎಲ್ಲ 'ಪ'ಗಳೂ ಹೋಗಲಿಲ್ಲ. ನಮ್ಮೂರಿನ ಹೆಸರಲ್ಲೇ ನೋಡಿ, 'ಪೊಸ' ಹೋಗಿ 'ಹೊಸ' ಬಂತು, 'ಪೇಟೆ' ಪೇಟೆಯಾಗಿಯೇ ಉಳಿಯಿತು.

"ಅದಕ್ಕೇ ನಮ್ಮ ಹಾಲಿನವಳು ಪಾಲು ಅಂತಾಳಾ?" ಎಂದಳು. ಹೌದು. ಆ ಹೆಂಗಸಿನ ಮನೆಮಾತು ತೆಲುಗು. ಕನ್ನಡ ಬಿಟ್ಟ 'ಪ'ವನ್ನು ತೆಲುಗು ಬಿಡಲಿಲ್ಲ.

ವಿಜಯವಿಠ್ಠಲ ದೇವಸ್ಥಾನದ ಹತ್ತಿರ, ಹೊಳೆಯ ಕಡೆ, ಅರಸರ ತುಲಾಭಾರದ ಕಲ್ಲುಚೌಕಟ್ಟು ಇದೆಯಲ್ಲ. ಎರಡು ಕಂಬ, ಮೇಲೊಂದು ಅಡ್ಡ ತೊಲೆ. ಅದನ್ನು ನೋಡಿ ಮೊಮ್ಮಗಳು, "ತಾತ, ತೊಲೆ ಸ್ವಲ್ಪ ಕೆಳಗೆ ಜಾರಿದ್ರೆ ಇದು ಎಚ್" ಎಂದಳು. ನನಗೆ ನಗು ಬಂತು. ಗಣಿತದ ಪಾಠದಲ್ಲಿ ಬರುವ 'ಪೈ' ಎಂಬ ಗ್ರೀಕ್ ಅಕ್ಷರದ ಆಕಾರ ಥೇಟ್ ಆ ತುಲಾಭಾರದಂತೆಯೇ, ಅದರ ಉಚ್ಚಾರ 'ಪ'. ಪ ಜಾರಿ ಹ ಆದದ್ದು ಕಲ್ಲಿನಲ್ಲೂ ಕಂಡಿತು! ಆರನೆಯದು ಮುಗಿಯಿತು.

ಮರುವಾರ ಸಂಡೂರಿನಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆವು. ರಸ್ತೆ, ಮರ, ಲಾರಿ ಎಲ್ಲ ಕೆಂಪು. ಅದಿರಿನ ಧೂಳು. ಆ ಅದಿರಿನ ಹೆಸರು ಹೆಮಟೈಟ್. ಗ್ರೀಕ್ ಭಾಷೆಯಲ್ಲಿ ರಕ್ತಕ್ಕೆ ಇರುವ ಪದದಿಂದ ಈ ಹೆಸರು ಬಂದಿದೆ, ಪುಡಿ ಮಾಡಿದರೆ ರಕ್ತದಂತೆ ಕೆಂಪಾಗಿ ಕಾಣುವುದಕ್ಕೆ. ನನ್ನ ರಕ್ತಪರೀಕ್ಷೆಯ ಚೀಟಿಯಲ್ಲಿ ಮೊದಲ ಸಾಲಿಗೇ ಬರುವ 'ಎಚ್‌ಬಿ', ಅಂದರೆ ಹಿಮೋಗ್ಲೋಬಿನ್, ಅದರ ಮೊದಲ ಅರ್ಧವೂ ಅದೇ ಪದ. ಅದರೊಳಗೂ ಕಬ್ಬಿಣ ಇದೆ. ಪೆನ್ಸಿಲ್ ಮೇಲೂ ಎಚ್‌ಬಿ, ಲ್ಯಾಬಿನ ಚೀಟಿಯಲ್ಲೂ ಎಚ್‌ಬಿ, ಅರ್ಥ ಮಾತ್ರ ಬೇರೆ ಬೇರೆ. ಹೀಗೆ ಏಳು, ಎಂಟು.

ಒಂಬತ್ತನೆಯದನ್ನು ಅವಳೇ ಹೇಳಿದಳು, ಎಚ್‌2ಓ. ಅಲ್ಲಿ ಎಚ್ ಎಂದರೆ ಹೈಡ್ರೋಜನ್. ಫ್ರಾನ್ಸಿನ ಲವಾಸಿಯೆ 18ನೇ ಶತಮಾನದ ಕೊನೆಯಲ್ಲಿ ಇಟ್ಟ ಹೆಸರು, 'ನೀರನ್ನು ಹುಟ್ಟಿಸುವುದು' ಎಂದು ಅರ್ಥ. ನಮ್ಮ ಕಾಲದ ಪಠ್ಯದಲ್ಲಿ ಅದನ್ನೇ 'ಜಲಜನಕ' ಎಂದು ಓದಿದ್ದೆವು. ಅರ್ಥ ಕನ್ನಡದಲ್ಲೇ ಬಿಚ್ಚಿಕೊಂಡಿತ್ತು.

ಹತ್ತನೆಯದು ಸಿಗಲಿಲ್ಲ. ರಾತ್ರಿ ಊಟವಾದ ಮೇಲೆ, "ಇಂಗ್ಲಿಷಿನಲ್ಲಿ 'ಅವರ್' ಅಂದರೆ ತಾಸು, 'ಆನೆಸ್ಟ್' ಅಂದರೆ ಪ್ರಾಮಾಣಿಕ. ಎರಡೂ ಎಚ್‌ನಿಂದ ಶುರು. ಬರೆಯುವಾಗ ಇರುತ್ತೆ, ಬಾಯಲ್ಲಿ ಇಲ್ಲ" ಎಂದೆ. "ಯಾಕೆ ಇಲ್ಲ?" ಎಂದಳು. ಆಗ ನನಗೆ ಕಂಪ್ಲಿಯ ಒಂದು ಮಧ್ಯಾಹ್ನ ನೆನಪಾಯಿತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಎಂಬತ್ತರ ದಶಕ. ಕಂಪ್ಲಿಯ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಮಳೆಗಾಲ. ಹೊಳೆಯಾಚೆ ಹಳ್ಳಿಯ ರೈತನೊಬ್ಬ ಚೆಕ್ ತಂದ. ಕಂಪ್ಲಿಯ ದಲಾಲಿ ಅಂಗಡಿಯವರು ಅವನ ನೆಲ್ಲಿನ ಲೆಕ್ಕ ಚುಕ್ತಾ ಮಾಡಿ ಕೊಟ್ಟದ್ದು, ನಮ್ಮ ಶಾಖೆಯದೇ ಚೆಕ್. ಅವನ ತಂದೆಯ ಹೆಸರು ಹುಲುಗಪ್ಪ. ಹುಲಿಗಿಯ ಹುಲಿಗೆಮ್ಮನಿಗೆ ಹರಕೆ ಹೊತ್ತು ಇಡುವ ಇಂಥ ಹೆಸರು ನಮ್ಮ ಕಡೆ ಮನೆಗೊಂದು. ಪಾಸ್‌ಬುಕ್ಕಿನಲ್ಲಿ ಅವನ ಹೆಸರಿನ ಹಿಂದೆ 'ಎಚ್' ಇತ್ತು. ಚೆಕ್ಕಿನಲ್ಲಿ 'ಯು' ಇತ್ತು. ಹಳ್ಳಿಯ ಬಾಯಲ್ಲಿ ಹಾಲು ಆಲಾಗುತ್ತದೆ, ಹುಲುಗಪ್ಪ ಉಲುಗಪ್ಪನಾಗುತ್ತಾನೆ. ಅಂಗಡಿಯ ಲೆಕ್ಕದವನು ಕೇಳಿದ ಹಾಗೆ ಬರೆದಿದ್ದ.

"ಹೆಸರು ತಾಳೆಯಾಗುವುದಿಲ್ಲ. ತಿದ್ದಿಸಿ, ಅಂಗಡಿ ಸಾಹುಕಾರರ ಸಹಿ ಹಾಕಿಸಿಕೊಂಡು ಬಾ" ಎಂದು ಚೆಕ್ಕನ್ನು ಕೌಂಟರಿನಿಂದ ಹೊರಗೆ ಸರಿಸಿದೆ. ಮಾತು ತಪ್ಪಲ್ಲ, ನಿಯಮ ಅದೇ. ಆದರೆ ಅವನು ನಮಗೆ ಮುಖಪರಿಚಯದವನು. ಹತ್ತು ಹೆಜ್ಜೆ ನಡೆದು ಆಫೀಸರರಿಗೆ ಹೇಳಿದ್ದರೆ, ಅವರು ಅಂಗಡಿಗೆ ಫೋನು ಮಾಡಿ ವಿಚಾರಿಸಬಹುದಿತ್ತು, ದಾರಿ ಹುಡುಕಬಹುದಿತ್ತು. ನಾನು ಕುರ್ಚಿಯಿಂದ ಏಳಲಿಲ್ಲ. ಊಟದ ಹೊತ್ತಾಗಿತ್ತು, ಅಷ್ಟೆ.

ಅಂಗಡಿಯ ಸಾಹುಕಾರರು ಆ ದಿನ ಊರಲ್ಲಿರಲಿಲ್ಲವಂತೆ. ರೈತ ಹಳ್ಳಿಗೆ ಮರಳಿದ. ರಾತ್ರಿ ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟರು. ಡ್ಯಾಮಿನ ಗೇಟು ಎತ್ತಿದರೆ ಕಂಪ್ಲಿ ಸೇತುವೆ ಮುಳುಗುವುದು ನಮ್ಮ ಕಡೆಯವರಿಗೆ ಹೊಸತಲ್ಲ. ಎಂಟು ದಿನ ಆಚೆಯವರು ಆಚೆ, ಈಚೆಯವರು ಈಚೆ.

ಒಂಬತ್ತನೆಯ ದಿನ ತಿದ್ದಿದ ಚೆಕ್ ಹಿಡಿದು ಬಂದ. ಹಣ ಎಣಿಸಿಕೊಂಡ. ಹೋಗುವ ಮುಂಚೆ ಸಮಾಧಾನವಾಗಿಯೇ ಹೇಳಿದ: "ನಾಟಿ ಹಚ್ಚಿದ ಆಳುಗಳಿಗೆ ಕೂಲಿ ಕೊಡಬೇಕಿತ್ತು ಸಾಹೇಬ್ರ. ಹೆಂಡ್ತಿ ಬೆಂಡೋಲೆ ಒತ್ತಿ ಇಟ್ಟೆ. ಎಂಟೇ ದಿನ ಆದ್ರೂ ತಿಂಗಳ ಬಡ್ಡಿ ಹಿಡೀತಾರ. ನಿಮ್ಮ ಒಂದು ಅಕ್ಷರದ ಬಡ್ಡಿ ಅಂದ್ಕೊಂಡೆ."

ಬೈದಿದ್ದರೆ ಮರೆಯುತ್ತಿದ್ದೆನೇನೋ. ಬಿ.ಕಾಂ. ಓದುವಾಗ ಬಡ್ಡಿಯ ಲೆಕ್ಕ ಎಷ್ಟೋ ಮಾಡಿದ್ದೆ, ಈ ಬಡ್ಡಿ ಯಾವ ಪುಸ್ತಕದಲ್ಲೂ ಇರಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. "ಪಾಸ್‌ಬುಕ್ಕಿನಲ್ಲಿ ನಿಮ್ಮ ತಂದೆಯ ಹೆಸರು ಪೂರ್ತಿ ಬರೆಸಿಬಿಡೋಣ" ಎಂದಷ್ಟೇ ಹೇಳಿದೆ. ಅರ್ಜಿಯನ್ನು ನಾನೇ ಬರೆದೆ, ನಾನೇ ಎದ್ದು ಆಫೀಸರರ ಹತ್ತಿರ ಒಯ್ದೆ. ನಿವೃತ್ತಿಯಾಗುವ ತನಕ ಒಂದಕ್ಷರ ಹೆಚ್ಚುಕಡಿಮೆ ಇದ್ದ ಕಾಗದ ಕೈಗೆ ಬಂದಾಗಲೆಲ್ಲ ಮೊದಲು ಕುರ್ಚಿಯಿಂದ ಎದ್ದಿದ್ದೇನೆ.

ನನ್ನ ವಯಸ್ಸಿನವರಿಗೊಂದು ಮಾತು. ನಿಮ್ಮ ಪಿಂಚಣಿ ಪುಸ್ತಕ, ಆಧಾರ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಇನಿಷಿಯಲ್ ಒಂದೇ ಇದೆಯಾ ನೋಡಿಕೊಳ್ಳಿ. ಮಕ್ಕಳೇ, ನೀವೂ ಶಾಲೆಯ ದಾಖಲೆಯಲ್ಲಿ ನಿಮ್ಮ ಹೆಸರನ್ನು ಅಪ್ಪ ಅಮ್ಮನ ಜೊತೆ ಕೂತು ಒಮ್ಮೆ ಓದಿ ನೋಡಿ. ಈಗ ತಿದ್ದುವುದು ಸುಲಭ.

ಕಥೆ ಕೇಳಿ ಮೊಮ್ಮಗಳು ಸುಮ್ಮನಿದ್ದಳು. ಆಮೇಲೆ, "ಆ ಬೆಂಡೋಲೆ ಬಿಡಿಸ್ಕೊಂಡ್ರಾ ತಾತ?" ಎಂದಳು.

ನಾನು ಅದನ್ನು ಅವನನ್ನು ಕೇಳಲೇ ಇಲ್ಲ ಎಂಬುದು ಆಗಲೇ ನನಗೆ ಹೊಳೆದದ್ದು. "ಗೊತ್ತಿಲ್ಲಮ್ಮ" ಎಂದೆ.

ಅವಳು ಎಚ್‌ಬಿ ಪೆನ್ಸಿಲ್ ತೆಗೆದುಕೊಂಡು ಹತ್ತನೆಯದನ್ನು ಬರೆದಳು: ಎಚ್ ಅಂದರೆ ಹುಲುಗಪ್ಪ. ಪೂರ್ತಿ ಹೆಸರು, ಕನ್ನಡದಲ್ಲಿ.