ಮುದ್ದೆ ಉಂಡ ಮೂಳೆ ಸವೆದದ್ದೇಕೆ?

ಹಿರೇಗುಂಟನೂರಿನ ಆ ಮನೆಯಲ್ಲಿ ಮುದ್ದೆ ತಿರುವುವ ಕೋಲು ತಾಯಿಯ ಕೈಯಿಂದ ಮಗಳ ಕೈಗೆ ಬಂದು ಎರಡು ವರ್ಷವಾಗಿತ್ತು. ಮಗಳಿಗೆ ಹತ್ತನೇ ತರಗತಿ, ತಾಯಿಗೆ ನಲವತ್ತೆರಡು ವಯಸ್ಸು. ಬೆಳಿಗ್ಗೆ ಎದ್ದರೆ ಆ ತಾಯಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿ, ಒಂದನ್ನೊಂದು ಉಜ್ಜಿ, ಬಿಸಿಲೇರುವ ಹೊತ್ತಿಗೆ ಅಷ್ಟಿಷ್ಟು ಸಡಿಲವಾಗುತ್ತಿದ್ದವು. ಅಷ್ಟರಲ್ಲಿ ಈರುಳ್ಳಿ ಹೊಲ ಕರೆಯುತ್ತಿತ್ತು.

ವಾಯು ಎಂದರು ಹಿರಿಯರು. ಹಳೇ ಚಿಕೂನ್‌ಗುನ್ಯಾ ಎಂದರು ನೆರೆಯವರು. ಅವರು ಹೇಳಿದ್ದರಲ್ಲೂ ಅರ್ಥವಿತ್ತು. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಮಿಕ್ಕಿ ಜನರಿಗೆ ಆ ಜ್ವರದ ಶಂಕೆಯಿತ್ತು. ಚಿತ್ರದುರ್ಗ ಜಿಲ್ಲೆಯೂ ನರಳಿತ್ತು. ಜ್ವರ ಬಿಟ್ಟು ತಿಂಗಳುಗಳಾದರೂ ಕೀಲು ಹಿಡಿದುಕೊಂಡವರಿದ್ದರು. ಇನ್ನು ಕೆಲವರು ಕೊಳವೆಬಾವಿಯ ನೀರನ್ನು ದೂರಿದರು. ಜಿಲ್ಲೆಯ ಅನೇಕ ಕಡೆ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುವುದುಂಟು. ಬೆನ್ನು, ಮಂಡಿ ಬಿಗಿಯುವುದು ಅದರಿಂದಲೂ ಸಾಧ್ಯ. ಹೀಗೆ ಕಾರಣಗಳು ಮೂರು ಸಿಕ್ಕವು, ತಪಾಸಣೆ ಮಾತ್ರ ಆಗಲಿಲ್ಲ. ಅಂಗಡಿಯಲ್ಲಿ ಕೇಳಿ ತಂದ ಪುಟ್ಟ ಗುಳಿಗೆ ನುಂಗಿದರೆ ಮಧ್ಯಾಹ್ನದೊಳಗೆ ನೋವು ಮಾಯ. ಅದೇ ಅಭ್ಯಾಸವಾಯಿತು.

ಒಂದು ದಿನ ಬಚ್ಚಲಲ್ಲಿ ಕಾಲು ಜಾರಿತು. ಅಂಗೈ ಊರಿದ್ದಷ್ಟೆ, ಮಣಿಕಟ್ಟಿನ ಮೂಳೆ ಲಟಕ್ಕೆಂದಿತು. ಇಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿಯುವುದೇ? ಎಕ್ಸ್‌ರೇ ನೋಡಿದ ವೈದ್ಯರು ಮುರಿದ ಜಾಗಕ್ಕಿಂತ ಹೆಚ್ಚು ಹೊತ್ತು ಬೆರಳ ಬುಡದ ಕೀಲುಗಳನ್ನು ನೋಡಿದರು. ಅಲ್ಲಿ ಮೂಳೆಯ ಅಂಚು ಇಲಿ ಕಡಿದಂತೆ ಕಚ್ಚುಕಚ್ಚಾಗಿತ್ತು. ಫ್ಲೋರೈಡ್ ವಿಪರೀತವಾದ ಮೂಳೆ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ದಟ್ಟವಾಗಿ, ಬೆಳ್ಳಗೆ ಕಾಣುತ್ತದೆ. ಇಲ್ಲಿ ಕೀಲಿನ ಸುತ್ತ ಮೂಳೆ ಮಂಕಾಗಿತ್ತು. ರಕ್ತಪರೀಕ್ಷೆಯೂ ಆದ ಮೇಲೆ ರೋಗದ ಹೆಸರು ತಿಳಿಯಿತು: ರುಮಟಾಯ್ಡ್ ಸಂಧಿವಾತ.

“ದಿನಾ ಮುದ್ದೆ ತಿಂತೀವಲ್ಲ, ಅವ್ವನ ಮೂಳೆ ಯಾಕೆ ಸವೀತು?” ಎಂದು ಕೇಳಿದವಳು ಮಗಳು. ಒಳ್ಳೆಯ ಪ್ರಶ್ನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದರ ಇಪ್ಪತ್ತರಲ್ಲೊಂದು ಪಾಲೂ ಇಲ್ಲ.

ಪಾಠದ ಚಿತ್ರದಲ್ಲಿ 206 ಮೂಳೆಗಳನ್ನು ಎಣಿಸಿದ ಮಕ್ಕಳು ಮೂಳೆಯೆಂದರೆ ಒಣಗಿದ ಕಂಬವೆಂದೇ ತಿಳಿಯುತ್ತಾರೆ. ಅದು ಜೀವಂತ. ಹಿಂದೆ ಮಾಳಿಗೆ ಮನೆಯವರು ಮಳೆಗಾಲಕ್ಕೆ ಮುಂಚೆ ಹಳೆಯ ಮಣ್ಣು ಕೆರೆದು ಹೊಸ ಮಣ್ಣು ಹಾಕುತ್ತಿದ್ದರಲ್ಲ, ಮೂಳೆಯಲ್ಲೂ ಆ ಕೆಲಸ ವರ್ಷವಿಡೀ ನಡೆಯುತ್ತದೆ. ಕೆರೆಯುವ ಕೋಶಗಳಿಗೆ ಆಸ್ಟಿಯೋಕ್ಲಾಸ್ಟ್ ಎಂದೂ ಕಟ್ಟುವ ಕೋಶಗಳಿಗೆ ಆಸ್ಟಿಯೋಬ್ಲಾಸ್ಟ್ ಎಂದೂ ಹೆಸರು. ಎರಡೂ ಸಮಸಮವಾಗಿ ದುಡಿದರೆ ಮಾಳಿಗೆ ಗಟ್ಟಿ.

ಈ ರೋಗದಲ್ಲಿ ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಪೊರೆ ಊದಿ ಉರಿಯುತ್ತದೆ. ‘ಉರಿಯೂತ’ ಎಂಬ ಕನ್ನಡದ ಮಾತಿನಲ್ಲಿ ಎರಡೂ ಇವೆ. ಅಲ್ಲಿ ಹುಟ್ಟುವ ಟಿಎನ್‌ಎಫ್‌, ಐಎಲ್‌-6 ಮುಂತಾದ ರಾಸಾಯನಿಕ ಸಂದೇಶಗಳು ರ್‍ಯಾಂಕ್‌ಎಲ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತವೆ. ಕೆರೆಯುವವರನ್ನು ಕೂಲಿಗೆ ಕರೆಯುವ ಮೇಸ್ತ್ರಿ ಇದೇ. ಅದೇ ಹೊತ್ತಿಗೆ ಕಟ್ಟುವವರ ಕೈ ಕಟ್ಟಿಹಾಕಲಾಗುತ್ತದೆ. ಸಂದೇಶ ರಕ್ತದಲ್ಲೂ ಹರಿಯುವುದರಿಂದ ನೋವೇ ಇಲ್ಲದ ಸೊಂಟ, ಬೆನ್ನುಮೂಳೆ ಕೂಡ ಟೊಳ್ಳಾಗುತ್ತವೆ. ಮುದ್ದೆಯ ಸುಣ್ಣ ಅಂಗಳದಲ್ಲಿ ಸುರಿದ ಹೊಸ ಮಣ್ಣಿನ ಹಾಗೆ. ಮಣ್ಣು ಬೇಕೇ ಬೇಕು, ಆದರೆ ಹತ್ತು ಜನ ಕೆರೆಯುತ್ತಾ ಒಬ್ಬ ಮಾತ್ರ ಮೆತ್ತುತ್ತಿದ್ದರೆ ರಾಶಿಯಿದ್ದೂ ಮಾಳಿಗೆ ಸೋರುತ್ತದೆ.

ಇನ್ನು ಆ ಪುಟ್ಟ ಗುಳಿಗೆ. ಅದು ಸ್ಟಿರಾಯ್ಡ್. ಅದನ್ನು ಬರೀ ವಿಷವೆನ್ನುವುದೂ ತಪ್ಪು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಇದೇ ರೋಗದ ಒಬ್ಬ ಮಹಿಳೆಗೆ ಈ ಜಾತಿಯ ಕಾರ್ಟಿಸೋನ್ ಕೊಡಿಸಿದಾಗ, ಹಾಸಿಗೆ ಹಿಡಿದಿದ್ದಾಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೆ ನೊಬೆಲ್ ಬಂತು. ದೀರ್ಘಕಾಲ ನುಂಗಿದರೆ ಅದೇ ಔಷಧಿ ಮೂಳೆ ಕಟ್ಟುವ ಕೋಶಗಳನ್ನು ಕುಗ್ಗಿಸುತ್ತದೆ, ಕರುಳು ಸುಣ್ಣ ಹೀರುವುದನ್ನೂ ತಗ್ಗಿಸುತ್ತದೆ ಎಂಬುದು ಆಮೇಲೆ ತಿಳಿಯಿತು. ಬೆಂಕಿಯಿಂದ ಸವೆದ ಮೂಳೆಯನ್ನು ಗುಳಿಗೆಯೂ ಸವೆಸಿತ್ತು. ಹಾಗೆಂದು ಗಾಬರಿಯಿಂದ ಒಮ್ಮೆಗೇ ನಿಲ್ಲಿಸುವಂತೆಯೂ ಇಲ್ಲ. ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ವೈದ್ಯರು ಹಂತಹಂತವಾಗಿ ಇಳಿಸಿದರು.

ಉರಿಯನ್ನೇ ಆರಿಸಲು ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು. ಅದು ವಾರಕ್ಕೊಮ್ಮೆ ಮಾತ್ರ. ಮರೆತು ದಿನಾ ನುಂಗಿದವರ ಪ್ರಾಣಕ್ಕೇ ಕುತ್ತು ಬಂದದ್ದುಂಟು. ಆದ್ದರಿಂದ ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾಳೆ. ಕಚ್ಚು ಬಿದ್ದ ಅಂಚುಗಳು ಮೊದಲಿನಂತೆ ತುಂಬಿಕೊಳ್ಳುವ ಭರವಸೆ ಕಡಿಮೆ. ಎರಡು ವರ್ಷ ಮೊದಲೇ ಬಂದಿದ್ದರೆ ಎಂದು ವೈದ್ಯರು ಒಮ್ಮೆ ಅಂದರು, ಆಮೇಲೆ ಆ ಮಾತೆತ್ತಲಿಲ್ಲ. ಮುದ್ದೆ ಕೋಲು ಈಗಲೂ ಮಗಳದೇ. ಬೆಳಗಿನ ಬಿಗಿತ ತಗ್ಗಿರುವುದರಿಂದ, ತಿರುವಿದ ಹಿಟ್ಟನ್ನು ಉಂಡೆ ಕಟ್ಟುವುದನ್ನು ಮಾತ್ರ ತಾಯಿ ವಾಪಸು ಕೇಳಿ ಪಡೆದಿದ್ದಾಳೆ.